ಉಪ್ಪಿಗೆ ಬಡತನವಿಲ್ಲ

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರಲ್ಲ,
ನಮ್ಮ ಬೊಲಿವಿಯಾದ ಕತೆ ಅದರ ತಿರುಗುಮುರುಗು.
ಉಪ್ಪು ಬೇಕೆ? ಊಯುನಿಯಲ್ಲಿ ಕಣ್ಣು ಹರಿಯುವಷ್ಟು ದೂರ ಹಾಸಿದೆ,
ಬಾಚಿಕೊಳ್ಳಿ.
ನೆಂಟಸ್ತನ ಮಾತ್ರ ಮುರಿದುಬಿದ್ದು
ನಾಲ್ಕೈದು ತಲೆಮಾರಾಯಿತು, ಯುದ್ಧವೊಂದರಲ್ಲಿ.
ಮಾರ್ಚ್ ಬಂತೆಂದರೆ ಶಾಲೆಯ ಮಕ್ಕಳು ಬಿಳಿ ಅಂಗಿ ತೊಟ್ಟು
ಹೋದ ಕಡಲಿಗಾಗಿ ಬೀದಿ ತುಂಬ ನಡೆಯುತ್ತಾರೆ.
ನಾನೂ ನಡೆದಿದ್ದೆ.
ಶೂ ಕಚ್ಚಿದ್ದಷ್ಟೇ ನೆನಪು.

ಅಕ್ಕ ಪ್ರಿಮಿತೀವಾ ಮೆರವಣಿಗೆಯವಳಲ್ಲ.
ಎಲ್ ಆಲ್ತೋದ ನಮ್ಮ ಮೂರನೇ ಮಹಡಿಯಲ್ಲಿ
ಹೊಲಿಗೆ ಯಂತ್ರ ಬಿಚ್ಚಿ ಹರಡಿದ ಮೇಜಿನ ಪಕ್ಕ
ಇನ್ನೂರು ಲೀಟರ್ ಕಡಲು ಇಟ್ಟಿದ್ದಾಳೆ.
ಮೊದಲ ಸಲ ದೇಶಾಭಿಮಾನದಿಂದ ಊಯುನಿಯ ಉಪ್ಪನ್ನೇ ಕದಡಿದಳು.
ಎರಡು ಮೀನು, ಎರಡು ದಿನ.
ಬೆಂಕಿಪೊಟ್ಟಣದಲ್ಲಿಟ್ಟು ಹೂಕುಂಡದಲ್ಲಿ ಹೂತು
ಅದೇ ನೀರು ಹೊಯ್ದಳು. ಗಿಡವೂ ಉಳಿಯಲಿಲ್ಲ.
ಉಪ್ಪೊಂದೇ ಕಡಲಲ್ಲ, ಎಂದು ಕ್ಯಾಲೆಂಡರಿನ ಅಂಚಿಗೆ ಬರೆದುಕೊಂಡಳು.
ಈಗ ಪಾಕೀಟಿನ ಉಪ್ಪು ಬರುತ್ತದೆ ಇಕೀಕೆ ಬಂದರಿನಿಂದ ಲಾರಿಯಲ್ಲಿ,
ಕಡಲು ಕಿತ್ತುಕೊಂಡವರ ಕಡೆಯಿಂದಲೇ,
ರಸೀದಿ ಸಮೇತ.

ಕೋಡಂಗಿ ಮೀನು ಎರಡು. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟಿ,
ಯಾರೋ ಅವಸರದಲ್ಲಿ ಬ್ಯಾಂಡೇಜು ಸುತ್ತಿದ ಹಾಗೆ.
ಎಲ್ಲರನ್ನೂ ಕುಟುಕುವ ಕಡಲ ಹೂವಿನ ಮಡಿಲೇ ಅವಕ್ಕೆ ಹಾಸಿಗೆ.
ದೊಡ್ಡದು ಹೆಣ್ಣು.
ಅದೂ ಹುಟ್ಟುವಾಗ ಗಂಡೇ, ಯಜಮಾನಿಕೆ ಬಂದಾಗ ಹೆಣ್ಣಾಯಿತು,
ಅನ್ನುತ್ತಾಳೆ ಅಕ್ಕ, ನನ್ನನ್ನೇ ನೋಡುತ್ತ.
ಚಿಕ್ಕದಕ್ಕೆ ಒಂದೇ ಕೆಲಸ:
ಮಡಕೆ ಚೂರಿಗಂಟಿದ ಮೊಟ್ಟೆಗಳಿಗೆ ಹಗಲಿಡೀ ರೆಕ್ಕೆ ಬೀಸುವುದು.
ನಾನು ಬಕೆಟ್ಟು ಹೊರುತ್ತೇನೆ. ಐವತ್ತೆಂಟು ಮೆಟ್ಟಿಲು.

ಆಗಸ್ಟಿನ ಆ ವಾರ ರಸ್ತೆತಡೆ. ಹೆದ್ದಾರಿಗೆ ಕಲ್ಲು, ಟೈರು.
ನನ್ನ ಮಿನಿಬಸ್ಸು ಅಂಗಳದಲ್ಲಿ,
ಉಪ್ಪಿನ ಲಾರಿ ಪತಾಕಮಾಯಾದ ಆಚೆಗೆಲ್ಲೋ.
ಮೊಟ್ಟೆಗಳಿಗೆ ಒಂಬತ್ತನೆಯ ರಾತ್ರಿ, ಕರೆಂಟು ಹೋಯಿತು.
ಪಂಪು ನಿಂತಾಗಲೇ ತಿಳಿದದ್ದು
ಮನೆಯಲ್ಲಿ ಇಷ್ಟು ದಿನ ಒಂದು ಸದ್ದು ಇತ್ತೆಂದು.
ನಾಲ್ಕು ಸಾವಿರ ಮೀಟರ್ ಎತ್ತರ.
ಇಲ್ಲಿ ಮನುಷ್ಯರಿಗೇ ಉಸಿರನ್ನು ಅಳೆದು ಕೊಡುತ್ತಾರೆ,
ಮೀನಿಗೆಲ್ಲಿಂದ?
ಅಕ್ಕ ಗಾಜಿಗೆ ಕಂಬಳಿ ಸುತ್ತಿ, ನನ್ನ ಕೈಗೆ ಚೊಂಬು ಕೊಟ್ಟಳು.
ಎತ್ತು, ಸುರಿ. ಎತ್ತು,
ಎತ್ತರದಿಂದ ಸುರಿ ಅಂದೆನಲ್ಲ.

ಹನ್ನೊಂದಕ್ಕೆ ಕೆಳಮನೆಯ ನೆಮೆಸಿಯಾ ಬಂದಳು, ರೊಟ್ಟಿ ಸುಡುವವಳು,
ಬಿಸಿನೀರಿನ ಬಾಟಲಿಗಳನ್ನು ಶಾಲಿನಲ್ಲಿ ಕಟ್ಟಿಕೊಂಡು.
ಕಾರಣ ಕೇಳಲಿಲ್ಲ. ಚೊಂಬು ಕಸಿದುಕೊಂಡಳು.
'ಹೆಸರೇನು ಇವಕ್ಕೆ?'
'ಇಟ್ಟಿಲ್ಲ. ಇಟ್ಟರೆ ಹೂಳುವುದು ಕಷ್ಟ.'

ಎರಡು ಗಂಟೆಯಿರಬೇಕು. ದೊಡ್ಡದು ಬದುಕಿದೆಯೇ ನೋಡೋಣವೆಂದು
ಟಾರ್ಚು ಹಾಕಿದೆ.
ಬೆಳಕಿನ ಕಡೆಗೆ ಎದ್ದು ಬಂದವು
ಕಣ್ಣುಗಳು,
ಮೈಯಿನ್ನೂ ಬಂದಿಲ್ಲವೇನೋ ಎಂಬಂತೆ ಬರೀ ಕಣ್ಣುಗಳು,
ನೂರು, ಇನ್ನೂರು, ಎಣಿಸುವಷ್ಟರಲ್ಲಿ ಕದಲುವ ಬೆಳ್ಳಿ ಧೂಳು.
ಪೂರಾ ಕತ್ತಲಾಗದೆ ಅವು ಒಡೆಯುವುದಿಲ್ಲವಂತೆ.
ನೆಮೆಸಿಯಾ ಶಿಲುಬೆ ಗೀಚಿಕೊಂಡಳು.
ಅಕ್ಕ ಮಾತ್ರ, 'ಕೈ ನಿಲ್ಲಿಸಬೇಡಿ' ಅಂದಳು.

ಭಾನುವಾರಕ್ಕೆ ಏಳು ಉಳಿದವು. ಸೋಮವಾರ ಅವೂ ಇಲ್ಲ.
ಅವುಗಳ ಬಾಯಿಗೆ ಹಿಡಿಸುವಷ್ಟು ಸಣ್ಣ ತುತ್ತು
ಈ ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ.

ಆದರೆ ಆ ಬೆಳಗು, ಕರೆಂಟು ಬಂದ ಮೇಲೆ,
ತೋಳು ಒಣಗಿ ಮೊಣಕೈಯ ಹತ್ತಿರ ಬಿಳಿ ಗೆರೆಯೊಂದು ಮೂಡಿತ್ತು.
ಯಾರೂ ನೋಡದಿರುವಾಗ ನೆಕ್ಕಿದೆ.
ನಲವತ್ತಾರು ವರ್ಷ, ಕಡಲು ಕಂಡವನಲ್ಲ ನಾನು.
ಗಾಜಿನೊಳಗೆ ಆ ಚಿಕ್ಕದು
ಖಾಲಿ ಮಡಕೆ ಚೂರಿಗೆ ಇನ್ನೂ ಗಾಳಿ ಬೀಸುತ್ತಿತ್ತು.
ನಿಲ್ಲಿಸಲು ಹೇಳು ಅಂದೆ.
ಅಕ್ಕ ಬಕೆಟ್ಟಿನ ಕಡೆ ಕೈ ತೋರಿಸಿದಳು.